ಉಪಗ್ರಹವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನಲ್ಲ

1999ರ ಏಪ್ರಿಲ್ 30ರಂದು ಫ್ಲಾರಿಡಾದ ಕೇಪ್ ಕೆನವೆರಲ್‌ನಿಂದ ಟೈಟನ್-4 ರಾಕೆಟ್ಟೊಂದು ಅಮೆರಿಕದ ಸೇನೆಗೆ ಬೇಕಾದ ಮಿಲ್‌ಸ್ಟಾರ್ ಸಂಪರ್ಕ ಉಪಗ್ರಹವನ್ನು ಹೊತ್ತು ಮೇಲೇರಿತು. ಕೆಳಗಿನ ಹಂತಗಳು ತಮ್ಮ ಕೆಲಸ ಮುಗಿಸಿದವು. ಮೇಲಿನ ಸೆಂಟಾರ್ ಹಂತ ಮಾತ್ರ ಹಿಡಿತ ತಪ್ಪಿ ಹೊರಳಾಡಿ, ತನ್ನನ್ನು ಸರಿಪಡಿಸಿಕೊಳ್ಳಲು ಇಟ್ಟಿದ್ದ ಇಂಧನವನ್ನೆಲ್ಲ ಸುಟ್ಟುಕೊಂಡು, ಉಪಗ್ರಹವನ್ನು ಯಾವ ಉಪಯೋಗಕ್ಕೂ ಬಾರದ ಕಕ್ಷೆಯಲ್ಲಿ ಬಿಟ್ಟಿತು. ನಷ್ಟ 120 ಕೋಟಿ ಡಾಲರ್‌ಗೂ ಹೆಚ್ಚು. ತನಿಖೆಯಲ್ಲಿ ಸಿಕ್ಕಿದ್ದು ಒಂದು ದಶಮಾಂಶ ಬಿಂದು. ತಂತ್ರಾಂಶದಲ್ಲಿ -1.992476 ಎಂದು ಇರಬೇಕಾದ ಕಡೆ -0.1992476 ಎಂದು ಟೈಪಾಗಿತ್ತು. ಟೈಪಿಸುವವರು ತಪ್ಪುವುದುಂಟು, ಅದನ್ನು ಹಿಡಿಯಲೆಂದೇ ಪರಿಶೀಲಕರು ಇರುತ್ತಾರೆ. ಇಲ್ಲಿಯೂ ಇದ್ದರು. ತಂತ್ರಾಂಶ ಬರೆದ ಕಂಪನಿ ಒಂದು, ಸ್ವತಂತ್ರವಾಗಿ ಪರೀಕ್ಷಿಸಬೇಕಾದ ಕಂಪನಿ ಇನ್ನೊಂದು, ಇವರ ಮೇಲೆ ಸರ್ಕಾರದ ಕಣ್ಣು. ಆದರೆ ಹಾರಾಟಕ್ಕೆ ನಿಜವಾಗಿ ಹಾಕುವ ಅಂಕಿಗಳನ್ನೇ ಬಳಸಿ ಪರೀಕ್ಷಿಸುವುದು ಯಾರ ಒಪ್ಪಂದದಲ್ಲೂ ಇರಲಿಲ್ಲ. ಉಡಾವಣಾ ಕಟ್ಟೆಯ ಮೇಲಿದ್ದಾಗ ಅಂಕಿ ಯಾಕೋ ಸರಿಯಿಲ್ಲ ಎಂದು ಕೆಲವು ಎಂಜಿನಿಯರುಗಳಿಗೆ ಅನ್ನಿಸಿದ್ದೂ ಕೊನೆಮುಟ್ಟಲಿಲ್ಲ.

ಸೇನೆಯ ಬಾಹ್ಯಾಕಾಶ ಯೋಜನೆಗಳ ಸುದ್ದಿ ಓದುವಾಗ ನಮ್ಮ ಕಣ್ಣು ಹೋಗುವುದು ರಾಕೆಟ್ಟಿನ ಎತ್ತರ, ಕ್ಯಾಮೆರಾದ ಚುರುಕು, ಉಪಗ್ರಹಗಳ ಸಂಖ್ಯೆಗಳ ಕಡೆಗೆ. ಇವೆಲ್ಲ ಆಕಾಶಕ್ಕೆ ಹೋಗುವ ಮೊದಲು ಕಾಗದದ ಮೇಲೆ ಒಂದು ಗುತ್ತಿಗೆಯಾಗಿರುತ್ತವೆ. ಸಂವೇದಕ ಒಬ್ಬರದು, ಅದನ್ನು ಹೊರುವ ಉಪಗ್ರಹದ ಒಡಲು ಇನ್ನೊಬ್ಬರದು, ಭೂಕೇಂದ್ರದ ತಂತ್ರಾಂಶ ಮೂರನೆಯವರದು, ಸೈನಿಕನ ಕೈಯಲ್ಲಿರುವ ರಿಸೀವರ್ ನಾಲ್ಕನೆಯವರದು. ಒಂದೊಂದೂ ಬೇರೆಯಾಗಿ ನೋಡಿದರೆ ಸರಿಯಾಗಿಯೇ ಇದ್ದು, ಕೂಡಿಸಿದಾಗ ಕೆಲಸ ಮಾಡದೆ ಹೋಗಬಹುದು. ಕಳೆದ ಮೂರು ದಶಕಗಳಲ್ಲಿ ಅಮೆರಿಕ ಈ ಕ್ಷೇತ್ರದಲ್ಲಿ ಕಳೆದುಕೊಂಡ ಹಣ ಮತ್ತು ವರ್ಷಗಳ ಲೆಕ್ಕ ತೆಗೆದರೆ, ದೊಡ್ಡ ಪಾಲು ಹೋಗಿರುವುದು ಈ ಜೋಡಣೆಯ ಜಾಗದಲ್ಲಿ. ಬಿಡಿಭಾಗ, ಉಪಗ್ರಹ, ಉಡಾವಣೆ ಎಲ್ಲವನ್ನೂ ಸರ್ಕಾರ ಹೊರಗಿನಿಂದ ಕೊಳ್ಳಬಹುದು. ಇವು ಒಂದಕ್ಕೊಂದು ಕೂಡುತ್ತವೆಯೇ ಎಂದು ತೀರ್ಮಾನಿಸುವ ಜ್ಞಾನವನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಅದನ್ನೂ ಬಿಟ್ಟುಕೊಟ್ಟ ದಿನ ಯಾವ ಬಗೆಯ ಒಪ್ಪಂದವೂ ಸರ್ಕಾರವನ್ನು ಕಾಪಾಡುವುದಿಲ್ಲ.

ಈ ಎಚ್ಚರ ಅಮೆರಿಕಕ್ಕೆ ಬಹಳ ಹಿಂದೆಯೇ ಇತ್ತು. 1954ರಲ್ಲಿ ಖಂಡಾಂತರ ಕ್ಷಿಪಣಿ ಯೋಜನೆಯ ಹೊಣೆ ಹೊತ್ತ ಜನರಲ್ ಬರ್ನಾರ್ಡ್ ಶ್ರೀವರ್, ಇಡೀ ವ್ಯವಸ್ಥೆಯ ಎಂಜಿನಿಯರಿಂಗ್ ನೋಡಿಕೊಳ್ಳಲು ರಾಮೊ-ವೂಲ್ರಿಜ್ ಎಂಬ ಹೊಸ ಕಂಪನಿಯನ್ನು ನೇಮಿಸಿಕೊಂಡರು. ಬೇರೆ ಕಂಪನಿಗಳು ಮಾಡಿದ್ದನ್ನು ಜೋಡಿಸುವುದು, ತೂಗಿ ನೋಡುವುದು ಅದರ ಕೆಲಸ. ಕೆಲಸವೇನೋ ಚೆನ್ನಾಗಿ ನಡೆಯಿತು. ಆದರೆ ಆ ಕಂಪನಿ ಯಂತ್ರಾಂಶ ತಯಾರಿಸುವ ಇನ್ನೊಂದು ಸಂಸ್ಥೆಯೊಡನೆ ಸೇರಿಕೊಂಡಾಗ, ಪರೀಕ್ಷಿಸುವವನೇ ಮಾರುವವನೂ ಆದರೆ ಹೇಗೆ ಎಂಬ ಪ್ರಶ್ನೆ ಅಮೆರಿಕದ ಸಂಸತ್ತಿನಲ್ಲಿ ಎದ್ದಿತು. ಅದರ ಫಲವಾಗಿ 1960ರಲ್ಲಿ ಏರೋಸ್ಪೇಸ್ ಕಾರ್ಪೊರೇಷನ್ ಹುಟ್ಟಿತು. ಲಾಭ ಮಾಡದ ಈ ಸಂಸ್ಥೆ ಏನನ್ನೂ ತಯಾರಿಸಿ ಮಾರುವುದಿಲ್ಲ. ಸರ್ಕಾರದ ಪರ ನಿಂತು ಗುತ್ತಿಗೆದಾರರ ಲೆಕ್ಕಾಚಾರಗಳನ್ನು ಮರುಪರಿಶೀಲಿಸುತ್ತದೆ. ಒಳ್ಳೆಯ ಎಂಜಿನಿಯರುಗಳಿಗೆ ಸರ್ಕಾರಿ ಸಂಬಳ ಸಾಲದು, ಖಾಸಗಿ ಕಂಪನಿಗೆ ತನ್ನದೇ ಹಿತವಿರುತ್ತದೆ ಎಂಬ ಎರಡು ತೊಡಕುಗಳಿಗೂ ಅಂದು ಕಂಡುಕೊಂಡ ದಾರಿ ಇದು.

1990ರ ದಶಕದಲ್ಲಿ ಈ ಎಚ್ಚರ ಸಡಿಲವಾಯಿತು. ಶೀತಲ ಸಮರ ಮುಗಿದಿತ್ತು, ರಕ್ಷಣಾ ಬಜೆಟ್ ಇಳಿದಿತ್ತು, ಖಾಸಗಿ ವಲಯಕ್ಕೆ ಎಲ್ಲವೂ ಗೊತ್ತು ಎಂಬ ನಂಬಿಕೆ ಏರಿತ್ತು. ಇಡೀ ವ್ಯವಸ್ಥೆ ಕೆಲಸ ಮಾಡುವಂತೆ ನೋಡಿಕೊಳ್ಳುವ ಪೂರ್ಣ ಜವಾಬ್ದಾರಿಯನ್ನು ಮುಖ್ಯ ಗುತ್ತಿಗೆದಾರನಿಗೇ ಬರೆದುಕೊಡುವ ಪದ್ಧತಿ ಬಂತು. ಸರ್ಕಾರದ ಕಡೆಯ ಎಂಜಿನಿಯರುಗಳ ಸಂಖ್ಯೆಯೂ ಅಧಿಕಾರವೂ ಕುಗ್ಗಿದವು. ಶತ್ರು ಕ್ಷಿಪಣಿ ಹಾರಿದೊಡನೆ ಅದರ ಶಾಖವನ್ನು ಆಕಾಶದಿಂದಲೇ ಗುರುತಿಸುವ ಸಿಬರ್ಸ್ ಎಂಬ ಯೋಜನೆ 1996ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಪಾಲಾದದ್ದು ಇದೇ ಪದ್ಧತಿಯಲ್ಲಿ. ಭೂಸ್ಥಿರ ಕಕ್ಷೆಯ ಮೊದಲ ಉಪಗ್ರಹ 2002ರಲ್ಲಿ ಹಾರಬೇಕಿತ್ತು. ಹಾರಿದ್ದು 2011ರ ಮೇ ತಿಂಗಳಲ್ಲಿ. ವೆಚ್ಚ ಮೊದಲ ಅಂದಾಜಿನ ಮೂರು ಪಟ್ಟನ್ನೂ ದಾಟಿತು. ತಡವಾದದ್ದಕ್ಕೆ ಕಾರಣಗಳನ್ನು ನೋಡಿದರೆ ಜೋಡಣೆಯ ಕಥೆಯೇ ಸಿಗುತ್ತದೆ: ಒಂದು ಸಂವೇದಕ ಹೊಮ್ಮಿಸುತ್ತಿದ್ದ ವಿದ್ಯುತ್ಕಾಂತೀಯ ಗದ್ದಲವನ್ನು ಅಡಗಿಸಲು ಬಹಳ ಕಾಲ ಹಿಡಿಯಿತು, ತೊಂದರೆ ಬಂದಾಗ ಉಪಗ್ರಹವನ್ನು ಸುರಕ್ಷಿತ ಸ್ಥಿತಿಗೆ ತರಬೇಕಾದ ತಂತ್ರಾಂಶವನ್ನು ನಡುದಾರಿಯಲ್ಲಿ ಹೊಸದಾಗಿ ರೂಪಿಸಬೇಕಾಯಿತು. ಗೂಢಚಾರಿಕೆಯ ಉಪಗ್ರಹಗಳಿಗಾಗಿ 1999ರಲ್ಲಿ ಬೋಯಿಂಗ್ ಗೆದ್ದ ಇನ್ನೊಂದು ಭಾರಿ ಗುತ್ತಿಗೆಯ ಗತಿ ಇನ್ನೂ ಕೆಟ್ಟದ್ದು. ಆ ಬಗೆಯ ಕ್ಯಾಮೆರಾ ಉಪಗ್ರಹ ಕಟ್ಟಿ ಅನುಭವವಿಲ್ಲದ ಕಂಪನಿ ಕಡಿಮೆ ಬೆಲೆ ಕೂಗಿತು. ಆ ಬೆಲೆಗೆ ಆ ಕೆಲಸ ಆಗದು ಎಂದು ಗುರುತಿಸಬಲ್ಲವರ ಮಾತು ನಡೆಯಲಿಲ್ಲ. 2005ರಲ್ಲಿ ಯೋಜನೆಯ ಆ ಭಾಗವನ್ನು ಬೋಯಿಂಗ್‌ನಿಂದ ಕಿತ್ತುಕೊಳ್ಳಬೇಕಾಯಿತು. ಅನುಭವಿ ಬಾಹ್ಯಾಕಾಶ ಎಂಜಿನಿಯರ್ ಟಾಮ್ ಯಂಗ್ ಮುಂದಾಳತ್ವದ ಸಮಿತಿ 2003ರಲ್ಲಿ ಕೊಟ್ಟ ವರದಿ ಈ ಕಾಲದ ರೋಗವನ್ನು ನೇರವಾಗಿಯೇ ಹೇಳಿತು. ಕೆಲಸ ಯಶಸ್ವಿಯಾಗಬೇಕು ಎಂಬುದರ ಜಾಗದಲ್ಲಿ ಖರ್ಚು ಕಡಿಮೆಯಾಗಬೇಕು ಎಂಬುದು ಕೂತಿತ್ತು, ಮುನ್ನಡೆಸುವ ಶಕ್ತಿ ಸರ್ಕಾರದಲ್ಲಿ ಸವೆದುಹೋಗಿತ್ತು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಇದೆಲ್ಲ ಸರ್ಕಾರಕ್ಕೆ ಎಂಜಿನಿಯರುಗಳಿಲ್ಲದ ಸಮಸ್ಯೆಯಲ್ಲ, ಹಣ ಕೊಡುವ ರೀತಿಯ ಸಮಸ್ಯೆ ಎನ್ನುವವರಿದ್ದಾರೆ. ಮನೆ ಕಟ್ಟಿಸಿದವರಿಗೆ ಈ ವ್ಯತ್ಯಾಸ ಗೊತ್ತು: ಚದರಡಿಗೆ ಇಷ್ಟು ಎಂದು ಮಾತಾಡಿ ಒಪ್ಪಿಸುವುದು ಒಂದು ಬಗೆ, ಸಾಮಾನಿನ ಬಿಲ್ಲು, ಕೂಲಿ ಎಲ್ಲ ಕೊಟ್ಟು ಮೇಲೆ ಮೇಸ್ತ್ರಿಗೆ ಇಷ್ಟು ಎನ್ನುವುದು ಇನ್ನೊಂದು ಬಗೆ. ಸಿಬರ್ಸ್‌ನಂಥ ಯೋಜನೆಗಳು ಎರಡನೆಯ ಬಗೆಯವು. ತಡವಾದಷ್ಟೂ ಸರ್ಕಾರವೇ ಹಣ ತುಂಬುತ್ತಿದ್ದರೆ ಬೇಗ ಮುಗಿಸಲು ಯಾರಿಗೆ ಆತುರ? ಆದ್ದರಿಂದ ಬೆಲೆ ನಿಗದಿ ಮಾಡಿ, ನಷ್ಟವಾದರೆ ಕಂಪನಿಯೇ ಹೊರಲಿ ಎಂಬುದು ಈ ವಾದ. ಅಮೆರಿಕದ ವಾಯುಪಡೆ ಇಲಾಖೆಯಲ್ಲಿ ಬಾಹ್ಯಾಕಾಶ ಖರೀದಿಯ ಮುಖ್ಯಸ್ಥರಾಗಿದ್ದ ಫ್ರ್ಯಾಂಕ್ ಕ್ಯಾಲ್ವೆಲ್ಲಿ 2022ರಲ್ಲಿ ಹೊರಡಿಸಿದ ಸೂತ್ರಗಳಲ್ಲಿ ಇದು ಮುಖ್ಯವಾದದ್ದು: ಸಣ್ಣ ಉಪಗ್ರಹ ಕಟ್ಟಿ, ನಿಗದಿತ ಬೆಲೆಗೆ ಒಪ್ಪಂದ ಮಾಡಿ, ಮೂರು ವರ್ಷದೊಳಗೆ ಕಕ್ಷೆಗೆ ಕಳಿಸಿ. ಈ ಸೂತ್ರದಲ್ಲಿ ಸತ್ಯವಿದೆ. ಆದರೆ ಇನ್ನೂ ಕಂಡುಹಿಡಿಯದ ವಸ್ತುವಿಗೆ ನಿಗದಿತ ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ವಾಯುಪಡೆಯ ಇಂಧನ ತುಂಬುವ ಕೆಸಿ-46 ವಿಮಾನಕ್ಕೆ 2011ರಲ್ಲಿ ಅಂಥ ಒಪ್ಪಂದ ಮಾಡಿಕೊಂಡ ಬೋಯಿಂಗ್ 700 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಹಾಗೆಂದು ಸೇನೆಗೆ ವಿಮಾನ ಸಮಯಕ್ಕೆ ಸರಿಯಾಗಿ, ದೋಷವಿಲ್ಲದೆ ಸಿಗಲಿಲ್ಲ. ಸಂಶೋಧನೆಯ ಹಂತದ ಕೆಲಸಕ್ಕೆ ನಿಗದಿತ ಬೆಲೆಯ ಟೆಂಡರ್ ಹಾಕುವುದಿಲ್ಲ ಎಂದು ದೊಡ್ಡ ಕಂಪನಿಗಳ ಮುಖ್ಯಸ್ಥರು ಬಹಿರಂಗವಾಗಿಯೇ ಹೇಳತೊಡಗಿದರು. ಅಂದರೆ ಯಾವ ಕೆಲಸ ಇನ್ನೂ ಸಂಶೋಧನೆ, ಯಾವುದು ಉತ್ಪಾದನೆಗೆ ಮಾಗಿದೆ ಎಂದು ಮೊದಲು ಬೇರ್ಪಡಿಸಬೇಕು. ಸಂಶೋಧನೆಗೆ ಪ್ರಯತ್ನಕ್ಕೆ ತಕ್ಕ ಹಣ, ಉತ್ಪಾದನೆಗೆ ಫಲಕ್ಕೆ ತಕ್ಕ ಹಣ. ಬೇರ್ಪಡಿಸುವವರು ಯಾರು ಎಂದು ಕೇಳಿದರೆ ಮತ್ತೆ ಸರ್ಕಾರದ ಬಳಿ ಇರಬೇಕಾದ ಆ ಜ್ಞಾನಕ್ಕೇ ಬಂದು ನಿಲ್ಲುತ್ತೇವೆ.

ನಿಗದಿತ ಬೆಲೆಯ ಪದ್ಧತಿಯನ್ನು ಅತಿ ಧೈರ್ಯದಿಂದ ಪ್ರಯೋಗಿಸಿದ್ದು 2019ರಲ್ಲಿ ಹುಟ್ಟಿದ ಅಮೆರಿಕದ ಸ್ಪೇಸ್ ಡೆವಲಪ್‌ಮೆಂಟ್ ಏಜೆನ್ಸಿ. ಕೆಲವೇ ಭಾರಿ ಉಪಗ್ರಹಗಳ ಬದಲು ಕೆಳಕಕ್ಷೆಯಲ್ಲಿ ನೂರಾರು ಸಣ್ಣ ಉಪಗ್ರಹ, ಎರಡೆರಡು ವರ್ಷಕ್ಕೊಂದು ಕಂತು, ಪ್ರತಿ ಕಂತಿಗೂ ಹೊಸ ಸ್ಪರ್ಧೆ ಎಂಬುದು ಅದರ ಯೋಜನೆ. 2020ರಲ್ಲಿ ಸಂಪರ್ಕದ ಹತ್ತು ಉಪಗ್ರಹಗಳಿಗೆ ಯಾರ್ಕ್ ಎಂಬ ಚಿಕ್ಕ ಕಂಪನಿ ಸುಮಾರು 9.4 ಕೋಟಿ ಡಾಲರ್ ಕೇಳಿದರೆ, ಅಷ್ಟೇ ಸಂಖ್ಯೆಗೆ ಲಾಕ್‌ಹೀಡ್ ಕೇಳಿದ್ದು ಸುಮಾರು 18.8 ಕೋಟಿ, ಎರಡಕ್ಕೂ ಕೆಲಸ ಸಿಕ್ಕಿತು. ಮೊದಲ ಉಪಗ್ರಹಗಳು 2023ರ ಏಪ್ರಿಲ್‌ನಲ್ಲಿ ಹಾರಿದವು. ಹಳೆಯ ಪದ್ಧತಿಗೆ ಹೋಲಿಸಿದರೆ ಇದು ದೊಡ್ಡ ಸಾಧನೆ. ಆದರೆ ಬೇರೆ ಬೇರೆ ಕಂಪನಿಗಳ ಉಪಗ್ರಹಗಳು ಆಕಾಶದಲ್ಲಿ ಲೇಸರ್ ಕಿರಣದ ಮೂಲಕ ಪರಸ್ಪರ ಮಾತಾಡಿದರೆ ಮಾತ್ರ ಅವು ಜಾಲ. ಇಲ್ಲವಾದರೆ ಬಿಡಿ ಉಪಗ್ರಹಗಳ ಗುಂಪು. ನಮ್ಮ ಸಿಎಜಿಯಂತೆ ಸರ್ಕಾರದ ಲೆಕ್ಕ ನೋಡುವ ಅಮೆರಿಕದ ಜಿಎಒ 2025ರ ಫೆಬ್ರವರಿಯಲ್ಲಿ ಕೊಟ್ಟ ವರದಿಯ ಪ್ರಕಾರ, ಲೇಸರ್ ಸಂಪರ್ಕದಲ್ಲಿ ಯೋಜಿಸಿದ್ದ ಎಲ್ಲ ಸಾಮರ್ಥ್ಯಗಳನ್ನು ನಾಲ್ವರು ಗುತ್ತಿಗೆದಾರರಲ್ಲಿ ಯಾರೂ ಕಕ್ಷೆಯಲ್ಲಿ ತೋರಿಸಿಕೊಟ್ಟಿರಲಿಲ್ಲ. ಆ ಹೊತ್ತಿಗೆ ಮುಂದಿನ ಕಂತುಗಳ ಗುತ್ತಿಗೆಯೂ ಹೊರಬಿದ್ದಾಗಿತ್ತು. 2024ರಲ್ಲಿ ಹಾರಬೇಕಿದ್ದ ಮುಂದಿನ ಕಂತಿನ ಮೊದಲ ಉಪಗ್ರಹಗಳು ಹಾರಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಒಂದೊಂದು ಉಪಗ್ರಹದ ಬೆಲೆಯನ್ನು ಒಪ್ಪಂದ ಹಿಡಿದಿಟ್ಟಿತು. ಅವುಗಳ ನಡುವಿನ ನಂಟಿಗೆ ಬೆಲೆ ಕಟ್ಟಲು ಅದಕ್ಕೆ ಬರಲಿಲ್ಲ.

ಸಂಶೋಧನೆ ಮತ್ತು ಬಳಕೆಯ ನಡುವಿನ ಕಂದಕವನ್ನು ದಾಟಿದ ಉದಾಹರಣೆಗಳೂ ಇವೆ. ಚಾಪೆಯಂತೆ ಸುರುಳಿ ಸುತ್ತಿ ಕಳಿಸಿ ಆಕಾಶದಲ್ಲಿ ಬಿಚ್ಚುವ ರೋಸಾ ಸೌರಫಲಕವನ್ನು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿ, ವಾಯುಪಡೆಯ ಸಂಶೋಧನಾಲಯ ಮತ್ತು ನಾಸಾದ ನೆರವಿನಿಂದ ರೂಪಿಸಿತು. 2017ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಬಳಿ ಪ್ರಯೋಗಿಸಿದಾಗ ಅದು ಚೆನ್ನಾಗಿ ಬಿಚ್ಚಿಕೊಂಡಿತು, ಮತ್ತೆ ಮಡಚಿ ಬಿಗಿಯಲು ಬಾರದೆ ಅದನ್ನು ಎಸೆದುಬಿಡಬೇಕಾಯಿತು. ಪ್ರಯೋಗವೆಂದು ಒಪ್ಪಿ ಹಣ ಕೊಟ್ಟಿದ್ದರಿಂದ ಅದನ್ನು ಸೋಲೆಂದು ಯಾರೂ ಮುಚ್ಚಿಡಬೇಕಾಗಲಿಲ್ಲ. ನಾಲ್ಕೇ ವರ್ಷದಲ್ಲಿ ಅದೇ ಬಗೆಯ ಫಲಕಗಳು ನಿಲ್ದಾಣಕ್ಕೆ ವಿದ್ಯುತ್ ಕೊಡತೊಡಗಿದವು. ಅದೇ ಸಂಶೋಧನಾಲಯ ನ್ಯೂ ಮೆಕ್ಸಿಕೊದ ಕರ್ಟ್‌ಲೆಂಡ್ ನೆಲೆಯಿಂದ ನಡೆಸುವ ಎನ್‌ಟಿಎಸ್-3 ಎಂಬ ಪಥದರ್ಶಕ ಉಪಗ್ರಹದ ಪ್ರಯೋಗದಲ್ಲಿ ಉಪಗ್ರಹ, ಭೂಕೇಂದ್ರ, ರಿಸೀವರ್ ಮೂರನ್ನೂ ಮೊದಲಿನಿಂದಲೇ ಒಟ್ಟಿಗೆ ಇಟ್ಟುಕೊಂಡರು. ಅದು 2025ರ ಆಗಸ್ಟ್‌ನಲ್ಲಿ ಕಕ್ಷೆ ಸೇರಿತು. ಇದಕ್ಕೆ ವಿರುದ್ಧವಾದದ್ದು ಜಿಪಿಎಸ್‌ನ ಹೊಸ ಭೂನಿಯಂತ್ರಣ ವ್ಯವಸ್ಥೆಯ ಕಥೆ. 2010ರಲ್ಲಿ ರೇಥಿಯಾನ್‌ಗೆ ಕೊಟ್ಟ ಆ ಗುತ್ತಿಗೆಯಲ್ಲಿ ಸೈಬರ್ ಭದ್ರತೆಯ ಕೆಲಸ ಎಷ್ಟು ದೊಡ್ಡದೆಂದು ಮಾರುವವರಿಗೂ ತಿಳಿದಿರಲಿಲ್ಲ, ಕೊಳ್ಳುವವರಿಗೂ ತಿಳಿದಿರಲಿಲ್ಲ. ಸರ್ಕಾರ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡದ್ದು 2025ರಲ್ಲಿ. ಅಲ್ಲಿಯವರೆಗೆ ಮೇಲಿದ್ದ ಉಪಗ್ರಹಗಳ ಹೊಸ ಸೇನಾ ಸಂಕೇತವನ್ನು ಬಳಸಲು ಹಳೆಯ ಭೂಕೇಂದ್ರಕ್ಕೇ ತೇಪೆ ಹಾಕಬೇಕಾಯಿತು.

ಇನ್ನೊಂದು ಆಕ್ಷೇಪ ಸ್ಪೇಸ್‌ಎಕ್ಸ್ ಹೆಸರಿನಲ್ಲಿ ಬರುತ್ತದೆ. ಸಾವಿರಾರು ಉಪಗ್ರಹಗಳನ್ನು ತಾನೇ ಕಟ್ಟಿ, ತಾನೇ ಹಾರಿಸಿ, ತಾನೇ ನಡೆಸುವ ಕಂಪನಿ ಇರುವಾಗ ಸರ್ಕಾರ ಕಲಿಯುವ ಕಷ್ಟ ಯಾಕೆ, ನೇರ ಸೇವೆಯನ್ನೇ ಕೊಂಡರಾಯಿತಲ್ಲ? ಆ ಕಂಪನಿ ಗೆದ್ದಿರುವುದೇ ಜೋಡಣೆಯನ್ನು ಹೊರಗೆ ಬಿಡದೆ ತನ್ನ ಮನೆಯೊಳಗೆ ಇಟ್ಟುಕೊಂಡದ್ದರಿಂದ. ಆ ಕೆಲಸ ಮುಖ್ಯವಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗದು. ಗಗನಯಾತ್ರಿಗಳನ್ನು ಒಯ್ಯುವ ನೌಕೆಯನ್ನು ನಿಗದಿತ ಬೆಲೆಗೆ ಕೊಂಡಾಗಲೂ ನಾಸಾದ ಎಂಜಿನಿಯರುಗಳು ಅದರ ವಿನ್ಯಾಸವನ್ನು ಹೆಜ್ಜೆಹೆಜ್ಜೆಗೂ ಪರಿಶೀಲಿಸಿದ್ದರು. ಇಂಟರ್‌ನೆಟ್ ಸಂಪರ್ಕದಂಥ ಸಾಮಾನ್ಯ ಸೇವೆಯನ್ನು ಮಾರುಕಟ್ಟೆಯಿಂದ ಕೊಳ್ಳುವುದು ಜಾಣತನವೇ. ಆದರೆ ಯುದ್ಧದ ನಡುವೆ ಸೇವೆ ಎಲ್ಲಿ ಸಿಗಬೇಕು, ಎಲ್ಲಿ ಸಿಗಬಾರದು ಎಂಬ ತೀರ್ಮಾನ ಒಬ್ಬ ಮಾಲೀಕನ ಕೈಗೆ ಹೋದರೆ ಏನಾಗಬಹುದು ಎಂಬ ಚರ್ಚೆಯನ್ನು ಯುಕ್ರೇನಿನಲ್ಲಿ ಸ್ಟಾರ್‌ಲಿಂಕ್ ಈಗಾಗಲೇ ಎಬ್ಬಿಸಿದೆ. ಸರ್ಕಾರಿ ಎಂಜಿನಿಯರುಗಳು ಹೆಚ್ಚಿದರೆ ಕಡತಗಳೂ ಹೆಚ್ಚುತ್ತವೆ ಎಂಬ ದೂರೂ ಸುಳ್ಳಲ್ಲ. ಪ್ರತಿ ಸ್ಕ್ರೂಗೂ ಸಹಿ ಕೇಳುವ ಮೇಲ್ವಿಚಾರಣೆ ಕೆಲಸವನ್ನು ಕೊಲ್ಲುತ್ತದೆ. ಬೇಕಾದದ್ದು ತಲೆ ಎಣಿಕೆ ಅಲ್ಲ. ಎರಡು ಭಾಗಗಳು ಕೂಡುವ ಜಾಗ ಯಾವುದೆಂದು ಗೊತ್ತಿದ್ದು, ಅಲ್ಲಿ ಮಾತ್ರ ಬಿಗಿಯಾಗಿ ನಿಲ್ಲಬಲ್ಲ ಸಣ್ಣ, ನುರಿತ ತಂಡ.

ಈ ವಿಚಾರ ಈಗ ನಮ್ಮದೂ ಹೌದು. ರಕ್ಷಣಾ ಬಾಹ್ಯಾಕಾಶ ಏಜೆನ್ಸಿಯ ಕೇಂದ್ರ ಬೆಂಗಳೂರಿನಲ್ಲಿದೆ. 2022ರ ಅಕ್ಟೋಬರ್‌ನಲ್ಲಿ ಗಾಂಧಿನಗರದಲ್ಲಿ ಘೋಷಿಸಿದ ಮಿಷನ್ ಡೆಫ್‌ಸ್ಪೇಸ್ ಖಾಸಗಿ ಕಂಪನಿಗಳ ಮುಂದೆ 75 ಸವಾಲುಗಳನ್ನಿಟ್ಟಿತು. ರಕ್ಷಣಾ ಇಲಾಖೆಯ ಐಡೆಕ್ಸ್ ಯೋಜನೆಯ 350ನೇ ಒಪ್ಪಂದ 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಅಂಗಸಂಸ್ಥೆಯೊಡನೆ ಆಯಿತು. ಹಲವು ಬಗೆಯ ಸಂವೇದಕಗಳನ್ನು ಹೊರಬಲ್ಲ, 150 ಕೆಜಿವರೆಗಿನ ಸಣ್ಣ ಉಪಗ್ರಹ ಅದರ ಗುರಿ. ಅದಕ್ಕೂ ಮುಂಚಿನ ತಿಂಗಳು ಕೇಂದ್ರ ಒಪ್ಪಿಗೆ ಕೊಟ್ಟ 52 ಕಣ್ಗಾವಲು ಉಪಗ್ರಹಗಳ ಯೋಜನೆಯಲ್ಲಿ 21 ಇಸ್ರೊ ಪಾಲಿಗೆ, 31 ಖಾಸಗಿಯವರ ಪಾಲಿಗೆ ಎಂದು ವರದಿಯಾಗಿದೆ. ಅಮೆರಿಕ ತೊಂಬತ್ತರ ದಶಕದಲ್ಲಿ ನಿಂತಿದ್ದ ಕವಲಿನಲ್ಲಿ ನಾವು ಈಗ ನಿಂತಿದ್ದೇವೆ, ಕೈಯಲ್ಲಿ ಒಂದು ಅನುಕೂಲದೊಂದಿಗೆ. 2017ರಲ್ಲಿ ಐಆರ್‌ಎನ್‌ಎಸ್‌ಎಸ್-1ಎಚ್ ಪಥದರ್ಶಕ ಉಪಗ್ರಹವನ್ನು ಬೆಂಗಳೂರಿನ ಆಲ್ಫಾ ಡಿಸೈನ್ ನೇತೃತ್ವದ ಖಾಸಗಿ ಕೂಟ, ಇಸ್ರೊ ಎಂಜಿನಿಯರುಗಳ ಮೇಲ್ವಿಚಾರಣೆಯಲ್ಲಿ ಜೋಡಿಸಿತ್ತು. ರಾಕೆಟ್ಟಿನ ಶಾಖಕವಚ ಕಳಚದೆ ಅದು ಕೈತಪ್ಪಿತು. ಅದರಲ್ಲಿ ಜೋಡಿಸಿದವರ ತಪ್ಪಿರಲಿಲ್ಲ. ಅದೇ ರೀತಿ ಕಟ್ಟಿದ ಮುಂದಿನ ಉಪಗ್ರಹ 2018ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿತು. ಕೈಹಿಡಿದು ಕಲಿಸಿ, ಪರೀಕ್ಷೆಯ ಹೊಣೆಯನ್ನು ತಾನೇ ಇಟ್ಟುಕೊಂಡು, ಕೆಲಸವನ್ನು ಬಿಟ್ಟುಕೊಡುವ ಈ ಕ್ರಮವನ್ನು ಸೇನೆಯ ಉಪಗ್ರಹಗಳಿಗೂ ಒಯ್ಯಬೇಕು. ಇಸ್ರೊ ಮುಖ್ಯವಾಗಿ ನಾಗರಿಕ ಸಂಸ್ಥೆ, ಅದಕ್ಕೆ ಅದರದೇ ಕೆಲಸ ಬೇಕಾದಷ್ಟಿದೆ. ಹಾಗಾಗಿ ಏನನ್ನೂ ಮಾರದ, ಯಾವ ಕಂಪನಿಗೂ ಸೇರದ, ಮಾರುಕಟ್ಟೆಯ ಸಂಬಳ ಕೊಡಬಲ್ಲ ಒಂದು ತಾಂತ್ರಿಕ ಸಂಸ್ಥೆಯನ್ನು ರಕ್ಷಣಾ ಬಾಹ್ಯಾಕಾಶ ಏಜೆನ್ಸಿಯ ಪಕ್ಕದಲ್ಲಿ ಕಟ್ಟುವುದು ಆ 31 ಉಪಗ್ರಹಗಳ ಕೆಲಸ ಮುಂದೆ ಹೋಗುವ ಮೊದಲೇ ಆಗಬೇಕು. ಅದಕ್ಕೆ ತಗಲುವ ಖರ್ಚು ಒಂದು ಉಪಗ್ರಹ ಕಳೆದುಕೊಳ್ಳುವ ಖರ್ಚಿನ ಮುಂದೆ ಸಣ್ಣದು. ಅಂಥ ಸಂಸ್ಥೆಯಿದ್ದರೆ ನಿಗದಿತ ಬೆಲೆಯೋ, ಖರ್ಚಿನ ಮೇಲೆ ಲಾಭವೋ ಎಂಬುದನ್ನು ಆಯಾ ಕೆಲಸ ನೋಡಿ ತೀರ್ಮಾನಿಸಬಹುದು. ಇಲ್ಲದಿದ್ದರೆ ಎರಡೂ ಬಗೆಯ ಒಪ್ಪಂದದಲ್ಲಿ ಸೋಲುವುದು ಹೇಗೆಂಬುದನ್ನು ಅಮೆರಿಕ ಆಗಲೇ ತೋರಿಸಿಕೊಟ್ಟಿದೆ.