ತಂಪು ತಾರಸಿ: ಬಳಿದರಷ್ಟೇ ಸಾಲದು

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೇಲಂತಸ್ತಿನವರಿಗೆ ರಾತ್ರಿ ಹತ್ತಾದರೂ ಫ್ಯಾನಿನಿಂದ ಬಿಸಿಗಾಳಿಯೇ. ಹಗಲಿಡೀ ಕಾದ ಆರ್‌ಸಿಸಿ ತಾರಸಿ ಆ ಹೊತ್ತಿಗೆ ಶಾಖವನ್ನು ಕೆಳಗೆ ಬಿಡುತ್ತಿರುತ್ತದೆ. ಬಿಸಿಲನ್ನು ಪ್ರತಿಫಲಿಸುವ ‘ಕೂಲ್ ರೂಫ್’ ಬಣ್ಣ ಇದಕ್ಕೆ ಒಳ್ಳೆಯ ಪರಿಹಾರ. ಆದರೆ ತಪ್ಪು ತಿಳಿವಳಿಕೆಯಿಂದ ಜನರ ದುಡ್ಡು ಪೋಲಾಗುತ್ತಿದೆ.

ತಪ್ಪು ಕಲ್ಪನೆ: ಬೆಳ್ಳಗಿದ್ದರೆ ಸಾಕು, ಯಾವ ಬಣ್ಣವಾದರೂ ಒಂದೇ.
ವಾಸ್ತವ: ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳಲ್ಲಿ. ಅವನ್ನೂ ಹಿಂದಕ್ಕೆ ಕಳಿಸುವ ಬಣ್ಣ ಬೇಕು. ಅದು ಕಣ್ಣಳತೆಗೆ ಸಿಗುವ ಗುಣವಲ್ಲ.

ತಪ್ಪು ಕಲ್ಪನೆ: ಹೊಳೆಯುವ ತಗಡು ಇನ್ನೂ ತಂಪು.
ವಾಸ್ತವ: ಬಿಸಿಲನ್ನು ಪ್ರತಿಫಲಿಸಿದರೂ, ಹೀರಿದಷ್ಟು ಶಾಖವನ್ನು ಆಕಾಶಕ್ಕೆ ಹೊರಸೂಸುವ ಗುಣ ಬರಿ ಲೋಹಕ್ಕೆ ಬಹಳ ಕಡಿಮೆ. ಹಾಗಾಗಿಯೇ ಮಧ್ಯಾಹ್ನ ತಗಡು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಒಳ್ಳೆಯ ಬಿಳಿ ಬಣ್ಣಕ್ಕೆ ಎರಡೂ ಗುಣಗಳುಂಟು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಬೇರಿಯಂ ಸಲ್ಫೇಟ್ ಬಣ್ಣ ಶೇ 98.1ರಷ್ಟು ಬಿಸಿಲನ್ನು ಪ್ರತಿಫಲಿಸಿ, ನಡುಬಿಸಿಲಲ್ಲೂ ಸುತ್ತಲಿನ ಗಾಳಿಗಿಂತ ತಂಪಾಗಿತ್ತು. ಒಂದು ಯೂನಿಟ್ ಕರೆಂಟೂ ಇಲ್ಲದೆ!

ತಪ್ಪು ಕಲ್ಪನೆ: ಒಮ್ಮೆ ಬಳಿದರೆ ಹತ್ತು ವರ್ಷ ಚಿಂತೆಯಿಲ್ಲ.
ವಾಸ್ತವ: ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಧೂಳು, ಹೊಗೆಯ ಮಸಿ, ಪಾಚಿ ಸೇರಿ ಮೊದಲೊಂದೆರಡು ವರ್ಷದಲ್ಲೇ ಪ್ರತಿಫಲನ ಗಣನೀಯವಾಗಿ ಇಳಿಯುತ್ತದೆ. ಅಮೆರಿಕದ ಕೂಲ್ ರೂಫ್ ರೇಟಿಂಗ್ ಕೌನ್ಸಿಲ್ ಮಾದರಿಗಳನ್ನು 3 ವರ್ಷ ಬಯಲಲ್ಲಿಟ್ಟು ಮತ್ತೆ ಅಳೆಯುವುದು ಇದಕ್ಕೇ. ಸುಣ್ಣ ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಮಳೆಗೆ ತೊಳೆದುಹೋಗುವುದರಿಂದ ಪ್ರತಿ ಬೇಸಿಗೆಗೂ ಬಳಿಯಬೇಕು. ಅಕ್ರಿಲಿಕ್ ಬಣ್ಣ ಹೆಚ್ಚು ಬಾಳುತ್ತದೆ, ತಳ ಸರಿಯಿದ್ದರೆ. ಪಾಚಿ ಉಜ್ಜದೆ, ಬಿರುಕು ತುಂಬದೆ, ಪ್ರೈಮರ್ ಹಚ್ಚದೆ ಬಳಿದದ್ದು ಹಪ್ಪಳದಂತೆ ಏಳುತ್ತದೆ, ಅದೂ ನೀರು ನಿಲ್ಲುವ ತಗ್ಗಿನಲ್ಲಿ ಮೊದಲು. ಇಳಿಜಾರು ಸರಿಮಾಡಿಸಿಯೇ ಬಣ್ಣಕ್ಕೆ ಕೈಹಾಕಿ, ಬೇಸಿಗೆಗೆ ಮುನ್ನ ತೊಳೆಸಿ.

ತಪ್ಪು ಕಲ್ಪನೆ: ಸೋರುವುದೂ ನಿಲ್ಲುತ್ತದೆ.
ವಾಸ್ತವ: ಎಲ್ಲ ಬಣ್ಣವೂ ವಾಟರ್‌ಪ್ರೂಫಿಂಗ್ ಅಲ್ಲ. ಸೋರಿಕೆಯನ್ನು ಮೊದಲೇ ಸರಿಪಡಿಸಿಕೊಳ್ಳಿ.

ತಪ್ಪು ಕಲ್ಪನೆ: ಇಡೀ ಕಟ್ಟಡ ಎಸಿಯಂತಾಗುತ್ತದೆ.
ವಾಸ್ತವ: ಲಾಭ ಮುಖ್ಯವಾಗಿ ಮೇಲಂತಸ್ತಿಗೆ, ಕೋಣೆಯಲ್ಲಿ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. ತಗಡಿನ ಮನೆಯಲ್ಲಿ ಮಗು ಮಲಗಿಸುವ ತಾಯಿಗೆ ಅದು ಸಣ್ಣದಲ್ಲ. ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ತಂದಿದೆ. ನಮ್ಮ ಕಲ್ಯಾಣ ಕರ್ನಾಟಕದ ಊರುಗಳಿಗೂ ಅಂಥದ್ದು ಬೇಕು.

ಅಂಗಡಿಯಲ್ಲಿ ಡಬ್ಬ ಕೊಳ್ಳುವಾಗ ಹೊಸ ಬಣ್ಣದ ಅಂಕಿಗೆ ಮರುಳಾಗಬೇಡಿ. ಮೂರು ವರ್ಷದ ನಂತರ ಪ್ರತಿಫಲನ ಎಷ್ಟು ಉಳಿಯುತ್ತದೆ ಎಂದು ಕೇಳಿ, ಆಮೇಲೆ ದುಡ್ಡು ಕೊಡಿ.