ಬೆವರಿನ ಲೆಕ್ಕ, ಊಟದ ಲೆಕ್ಕ

ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆಯವರ ಗರಡಿಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದರು. 2008ರಲ್ಲಿ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಅವರ ಅಕಾಡೆಮಿ ಶುರುವಾಯಿತು. 2016ರ ರಿಯೋ ಒಲಿಂಪಿಕ್ಸ್‌ಗೆ ಮುಂಚೆ ಶಿಷ್ಯೆ ಪಿ.ವಿ. ಸಿಂಧು ಅವರಿಗೆ ಐಸ್‌ಕ್ರೀಮು, ಸಿಹಿ ಮೊಸರು ಎರಡನ್ನೂ ಅವರು ನಿಲ್ಲಿಸಿದ್ದ ಸಂಗತಿ ಬೆಳ್ಳಿ ಪದಕ ಬಂದ ಮೇಲೆ ಮನೆಮಾತಾಯಿತು. ಗುರುವಿನ ಕಾರಣಗಳು ಏನೇ ಇರಲಿ, ಓದಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ನಸುಕಿನಿಂದ ಸಂಜೆಯವರೆಗೆ ಬೆವರು ಹರಿಸುವವರಿಗೆ ಏನು ತಿಂದರೂ ಕರಗಿಹೋಗುವುದಿಲ್ಲವೇ?

ಇಲ್ಲ. ಇದನ್ನು ತಿಳಿಯಲು ಅದೇ ಊರಿನ ತಾರ್ನಾಕಾಗೆ ಹೋಗೋಣ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಲ್ಲಿದೆ. 65 ಕಿಲೋ ತೂಕದ ಗಂಡಸು ಕೂತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕಿಲೋಕ್ಯಾಲೊರಿ, ಮೈಮುರಿದು ದುಡಿಯುವವನಾದರೆ 3470 ಬೇಕು ಎನ್ನುತ್ತದೆ ಅದರ 2020ರ ಪಟ್ಟಿ. ಸುಮ್ಮನೆ ಮಲಗಿದ್ದರೂ ಉಸಿರಿಗೆ, ಎದೆಬಡಿತಕ್ಕೆ, ಮಿದುಳಿಗೆ ತಗಲುವ ಖರ್ಚನ್ನು ವೈದ್ಯರು ಬಿಎಂಆರ್ ಎನ್ನುತ್ತಾರೆ. ಇವನಿಗೆ ಅದು ಸುಮಾರು 1500. ದುಡಿಮೆಗಾರನ ಖರ್ಚು ಅದರ 2.3 ಪಟ್ಟು.

ಮನುಷ್ಯ ತಿಂಗಳುಗಟ್ಟಲೆ ತಾಳಿಕೊಳ್ಳಬಲ್ಲ ಮಿತಿ ಇದಕ್ಕಿಂತ ಬಹಳ ಮೇಲಿಲ್ಲ. 2015ರಲ್ಲಿ ಕೆಲವರು ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ, ಸುಮಾರು 5000 ಕಿಲೋಮೀಟರು, 140 ದಿನ ಓಡಿದರು. ಅವರ ಖರ್ಚನ್ನು ಅಳೆದದ್ದು ಗುರುತು ಹಾಕಿದ ನೀರಿನಿಂದ. ಭಾರದ ಜಲಜನಕ, ಭಾರದ ಆಮ್ಲಜನಕ ಸೇರಿದ ನೀರನ್ನು ಕುಡಿಸಿ, ದಿನ ಕಳೆದಂತೆ ಮೂತ್ರ ಪರೀಕ್ಷಿಸುತ್ತಾರೆ. ಜಲಜನಕ ನೀರಾಗಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಾಗಿಯೂ ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ಅಂತರದಲ್ಲಿ ದೇಹ ಎಷ್ಟು ಸುಟ್ಟಿತೆಂಬ ಲೆಕ್ಕ ಸಿಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಈ ವಿಧಾನದ ಅಧ್ಯಯನಗಳು ನಡೆದಿವೆ. ಆ ಓಟಗಾರರ ದಿನದ ಖರ್ಚು ಕೊನೆಗೆ ನಿರೀಕ್ಷೆಗಿಂತ ಸುಮಾರು 600 ಕಿಲೋಕ್ಯಾಲೊರಿ ಕಡಿಮೆಯಿತ್ತು. ದೀರ್ಘಕಾಲದ ಮಿತಿ ಬಿಎಂಆರ್‌ನ 2.5 ಪಟ್ಟು ಎಂದು ಸಂಶೋಧಕರು ಅಂದಾಜಿಸಿದರು. ಬದುಕಿಗಾಗಿ ಮೂಟೆ ಹೊರುವ ಹಮಾಲಿ ಆ ಗೆರೆಯ ಹತ್ತಿರವೇ ದಿನ ದೂಡುತ್ತಾನೆ ಎಂಬುದು ನಮ್ಮ ಗಮನಕ್ಕೆ ಬರಬೇಕು.

ಓಟಗಾರರ ಆ 600 ಕಿಲೋಕ್ಯಾಲೊರಿ ಎಲ್ಲಿ ಉಳಿಯಿತು? ದೇಹ ಬೇರೆ ಕಡೆ ಕೈ ಬಿಗಿಹಿಡಿದಿತ್ತು. ಅಭ್ಯಾಸ ಮುಗಿಸಿದ ಆಟಗಾರ್ತಿ ಉಳಿದ ಹೊತ್ತು ಹೆಚ್ಚು ಕೂರುತ್ತಾಳೆ, ಸುಮ್ಮನೆ ಅತ್ತಿತ್ತ ಸುಳಿಯುವುದು ಕಡಿಮೆಯಾಗುತ್ತದೆ. ಹೆಜ್ಜೆ ಪಳಗಿದ ಮೇಲೆ ಅದೇ ವೇಗಕ್ಕೆ ಕಡಿಮೆ ಶಕ್ತಿ ಸಾಕಾಗುತ್ತದೆ. ಒಳಗಿನ ಉರಿಯೂತ, ಹಾರ್ಮೋನುಗಳ ಖರ್ಚೂ ತಗ್ಗುತ್ತದೆಂಬ ವಾದವಿದೆ. ಉಳಿತಾಯ ಎಷ್ಟೆಂಬುದು ಆಳಿನಿಂದ ಆಳಿಗೆ ಬೇರೆ. ಸ್ನಾಯು ಬೆಳೆದರೆ ಖರ್ಚು ಏರುವುದು ನಿಜ, ಆದರೆ ಸ್ವಲ್ಪವೇ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಟ್ಟುಹಾಕುವುದು ಸುಮಾರು 13 ಕಿಲೋಕ್ಯಾಲೊರಿ. ಕಷ್ಟಪಟ್ಟು ಮೂರು ಕಿಲೋ ಬೆಳೆಸಿದರೆ ಸಿಗುವ ಹೆಚ್ಚುವರಿ ಅವಕಾಶ, ಜೋಳದ ರೊಟ್ಟಿಯ ಮೇಲೆ ಸವರುವ ಒಂದು ಟೀ ಚಮಚ ತುಪ್ಪದಷ್ಟೂ ಇಲ್ಲ.

ಹಾಗೆಂದು ತಟ್ಟೆಯನ್ನು ಚಿಕ್ಕದು ಮಾಡುವುದು ಇನ್ನೂ ದೊಡ್ಡ ತಪ್ಪು, ನನಗೆ ಹೆಚ್ಚು ಭಯ ಇರುವುದೇ ಅಲ್ಲಿ. ಊಟ ಸಾಲದೆ ಅಭ್ಯಾಸ ಮುಂದುವರಿದರೆ ಉಳಿತಾಯದ ಕತ್ತರಿ ಬೇಡದ ಕಡೆಗೂ ಆಡುತ್ತದೆ: ಮುಟ್ಟು ನಿಲ್ಲುತ್ತದೆ, ಮೂಳೆ ಬಲಗುಂದುತ್ತದೆ, ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟಿತು. ಗಂಡುಮಕ್ಕಳಿಗೂ ಇದು ಬರುತ್ತದೆ.

ಮಗಳು ರಾಕೆಟ್ ಹಿಡಿದು ದಿನವೂ ಅಂಗಳಕ್ಕೆ ಇಳಿಯುವವಳಾದರೆ, ಕೈಗಡಿಯಾರ ತೋರಿಸುವ ಕ್ಯಾಲೊರಿ ನೋಡಿ ಬಡಿಸಬೇಡಿ. ಅವಳ ಹಸಿವು, ನಿದ್ದೆ, ತಿಂಗಳ ಲೆಕ್ಕ ನೋಡಿ. ಮೂರು ತಿಂಗಳು ಮುಟ್ಟಾಗದಿದ್ದರೆ ಅಭ್ಯಾಸದ ಆಯಾಸವೆಂದು ಬಿಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿ.