ಗೋಡೆ ಬರಹದಲ್ಲಿ ಇರದ ಕಾಯಿಲೆಗಳು

ಬಸ್ ನಿಲ್ದಾಣದ ಕಾಂಪೌಂಡು, ರೈಲು ಹಳಿಯ ಪಕ್ಕದ ಗೋಡೆ, ಮೂತ್ರಿಯ ಒಳಭಾಗ - ಯಾವ ಊರಿಗೆ ಹೋದರೂ ಇಲ್ಲಿ ಕಾಣುವುದು ಒಂದೇ ಬರಹ: 'ಗುಪ್ತರೋಗ, ನರದೌರ್ಬಲ್ಯ, ಷಂಡತನಕ್ಕೆ ಶರ್ತಿಯಾ ಇಲಾಜ್'. ಕನ್ನಡ, ಮರಾಠಿ, ಉರ್ದು ಮೂರೂ ನಡೆಯುವ ಭಾಲ್ಕಿ, ಔರಾದ್ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿಯೆಂದು ಜಾಹೀರಾತು ಕೊಡುವುದೇ 1954ರ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಓದಿದವರು ಕಡಿಮೆ, ಗೋಡೆ ಓದುವವರು ಹೆಚ್ಚು.

ಓದುವವರಲ್ಲಿ ಕಾಲೇಜು ಹುಡುಗರೂ ಇದ್ದಾರೆ, ಅವರ ತಂದೆಯರೂ ಇದ್ದಾರೆ. ಸ್ವಪ್ನಸ್ಖಲನದಿಂದ 'ಧಾತು' ಹೋಗಿ ಶಕ್ತಿ ಕುಂದುತ್ತದೆಂದು ಹುಡುಗ ಹೆದರುತ್ತಾನೆ. ಅದು ಆ ವಯಸ್ಸಿನ ಸಹಜ ಕ್ರಿಯೆ, ಔಷಧಿ ಬೇಕಿಲ್ಲ. ನಲವತ್ತು ದಾಟಿದ ತಂದೆಗೆ ನಿಮಿರುವಿಕೆಯ ತೊಂದರೆ ಬಂದರೆ ಮಾತ್ರ ಅದನ್ನು ಹಗುರವಾಗಿ ನೋಡುವಂತಿಲ್ಲ.

ನಿಮಿರುವಿಕೆ ಎಂಬುದು ಮುಖ್ಯವಾಗಿ ರಕ್ತ ಸಂಚಾರದ ಕೆಲಸ. ಮನಸ್ಸು ಉದ್ರೇಕಗೊಂಡಾಗ ನರಗಳು ಸಂದೇಶ ಒಯ್ಯುತ್ತವೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ರಕ್ತನಾಳಗಳನ್ನು ಸಡಿಲಿಸುತ್ತದೆ. ರಕ್ತ ನುಗ್ಗಿ ಅಲ್ಲೇ ನಿಲ್ಲುತ್ತದೆ. ಈ ಅನಿಲ ದೇಹದಲ್ಲಿ ದೂತನಂತೆ ದುಡಿಯುವುದನ್ನು ತೋರಿಸಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸಕ್ಕರೆ ಕಾಯಿಲೆ ನರವನ್ನೂ ಕೆಡಿಸುತ್ತದೆ, ರಕ್ತನಾಳವನ್ನೂ ಕೆಡಿಸುತ್ತದೆ. ಆದ್ದರಿಂದಲೇ ಈ ತೊಂದರೆಯ ದೈಹಿಕ ಕಾರಣಗಳಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನ. ತನಗೆ ಶುಗರ್ ಇದೆಯೆಂದು ಕೆಲವರಿಗೆ ತಿಳಿಯುವುದೇ ಈ ದಾರಿಯಿಂದ. ಬಿ.ಪಿ., ಕೊಲೆಸ್ಟರಾಲ್, ಬೊಜ್ಜು, ಬೀಡಿ-ಸಿಗರೇಟುಗಳ ಹಾವಳಿಯೂ ರಕ್ತನಾಳಗಳ ಮೇಲೆಯೇ. ಹೃದಯಕ್ಕೆ ರಕ್ತ ಒಯ್ಯುವ ನಾಳದ ಅಗಲ ಸುಮಾರು 3ರಿಂದ 4 ಮಿಲಿಮೀಟರ್. ಪುರುಷಾಂಗದ ನಾಳದ್ದು 1ರಿಂದ 2 ಮಿಲಿಮೀಟರ್ ಮಾತ್ರ. ಕೊಬ್ಬು ಕಟ್ಟತೊಡಗಿದರೆ ಮೊದಲು ಸೊರಗುವುದು ಸಣ್ಣ ನಾಳ. ಎದೆನೋವು ಕಾಣಿಸಿಕೊಳ್ಳುವ ಎರಡು-ಮೂರು ವರ್ಷ ಮೊದಲೇ ಈ ತೊಂದರೆ ಶುರುವಾಗುವುದುಂಟು. ಹೃದಯವನ್ನು ಉಳಿಸಿಕೊಳ್ಳಲು ಸಿಗುವ ಆ ಅವಧಿ ಗೋಡೆ ವೈದ್ಯನ ಪುಡಿ ನೆಕ್ಕುವುದರಲ್ಲೇ ಕಳೆದುಹೋಗುತ್ತದೆ. ನಾಚಿಕೆಗೆ ತೆರುವ ಬೆಲೆ ಇದು.

ಥೈರಾಯ್ಡ್ ದೋಷ, ಟೆಸ್ಟೋಸ್ಟೆರಾನ್ ಕೊರತೆ, ಮೂತ್ರಪಿಂಡದ ವೈಫಲ್ಯ, ಕುಡಿತದಿಂದ ಕೆಟ್ಟ ಯಕೃತ್ತು, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಬಿದ್ದ ಪೆಟ್ಟು, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಇವೂ ಕಾರಣಗಳೇ. ಬಿ.ಪಿ.ಗೆ, ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳಿಂದಲೂ ಹೀಗಾಗಬಹುದು. ಹಾಗೆಂದು ಗುಳಿಗೆಯನ್ನು ತಾವೇ ನಿಲ್ಲಿಸುವುದು ಅಪಾಯ. ವೈದ್ಯರು ಬದಲಿ ಗುಳಿಗೆ ಕೊಡಬಲ್ಲರು.

ಚಿಂತೆ, ಜಗಳ, ಸಾಲದ ಭಾರದಿಂದಲೂ ಹೀಗಾಗುತ್ತದೆ. ಮುಂಜಾನೆ ಎಚ್ಚರವಾಗುವಾಗ ನಿಮಿರುವಿಕೆ ಎಂದಿನಂತಿದ್ದು, ತೊಂದರೆ ಇದ್ದಕ್ಕಿದ್ದಂತೆ ಬಂದಿದ್ದರೆ ಕಾರಣ ಮನಸ್ಸಿನಲ್ಲಿರುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ನಿಧಾನವಾಗಿ ಕುಂದುತ್ತ ಬಂದು ಮುಂಜಾನೆಯದೂ ನಿಂತಿದ್ದರೆ ದೇಹವನ್ನು ತಪಾಸಿಸಬೇಕು. ಎರಡೂ ಕೂಡಿರುವುದೂ ಅಪರೂಪವಲ್ಲ.

1998ರಲ್ಲಿ ಬಂದ ಸಿಲ್ಡೆನಾಫಿಲ್ ಗುಳಿಗೆ, ಅಂದರೆ ವಯಾಗ್ರ, ಅನೇಕರಿಗೆ ನೆರವಾಗಿದೆ. ಆದರೆ ಎದೆನೋವಿಗೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಗುಳಿಗೆಯೊಡನೆ ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾಗಬಹುದು. 'ಗಿಡಮೂಲಿಕೆ' ಎಂದು ಮಾರುವ ಕೆಲವು ಪುಡಿಗಳಲ್ಲಿ ಇದೇ ಸಿಲ್ಡೆನಾಫಿಲ್ ಗುಟ್ಟಾಗಿ ಬೆರೆತಿದ್ದುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಪುಡಿ ತಿಂದವನಿಗೆ ಅದು ತಿಳಿಯುವ ಬಗೆಯೇ ಇಲ್ಲ.

ಶುಗರ್, ಬಿ.ಪಿ. ನೋಡಿಸಲು ಭಾಲ್ಕಿಯ ಸರಕಾರಿ ದವಾಖಾನೆಯೇ ಸಾಕು. ಮೂವತ್ತು ದಾಟಿದವರ ಈ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಸೇರಿದೆ. ಹೆಚ್ಚಿನದಕ್ಕೆ ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ತಂದೆ ತಾನಾಗಿ ಹೊರಡದಿದ್ದರೆ 'ಶುಗರ್ ನೋಡಿಸೋಣ ಬರ್ರಿ' ಎಂದು ಓದಿದ ಮಗನೇ ಕರೆದೊಯ್ಯಬಹುದು. ಉಳಿದ ಮಾತು ವೈದ್ಯರ ಕೋಣೆಯಲ್ಲಿ ಅವರಿಬ್ಬರ ನಡುವೆ ಆಗಲಿ. ರಕ್ತ ಕೊಡಲು ಬೆಳಿಗ್ಗೆ ಏನೂ ತಿನ್ನದೆ ಹೋಗಬೇಕು. ಈಗ ನುಂಗುತ್ತಿರುವ ಗುಳಿಗೆಗಳ ಚೀಟಿ ಕೈಯಲ್ಲಿರಲಿ.